ಮುಚ್ಚಿದ ಬಾಗಿಲೊಳಗಿನ ಹಾಡು: ವಿಲಿಯಂ ಬರ್ಡ್‌ನ ಬಲಿಪೂಜಾ ಸಂಗೀತವನ್ನು ಇಂದು ಆಲಿಸುವುದು

ಸಂಗೀತ ಸಭಾಂಗಣದಲ್ಲಿ ಕುಳಿತು ಬಲಿಪೂಜೆಯ ಮಾತುಗಳನ್ನು ಕೇಳುವುದರಲ್ಲಿ ಒಂದು ಇರಿಸುಮುರಿಸು ಇದೆ. ದೇವರ ಕುರಿಮರಿಯನ್ನು ಕರೆದು ಶಾಂತಿಯನ್ನು ಬೇಡುವ ಕೊನೆಯ ಸ್ವರ ಆರುವಷ್ಟರಲ್ಲಿ ಚಪ್ಪಾಳೆ ಏಳುತ್ತದೆ, ಗಾಯಕರು ತಲೆಬಾಗುತ್ತಾರೆ, ವಿರಾಮ. ವೇದಿಯ ಮುಂದೆ ಅದೇ ಪ್ರಾರ್ಥನೆಯನ್ನು ಪ್ರತಿವಾರ ನುಡಿಯುವವನು ಆ ಹೊತ್ತಿಗೆ ತನ್ನ ಕೈಗಳನ್ನು ಏನು ಮಾಡಬೇಕು? ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಧ್ವನಿಮುದ್ರಿಕೆಯೊಂದನ್ನು ನುಡಿಸಿದಾಗ ವಿದ್ಯಾರ್ಥಿಯೊಬ್ಬರು ಈ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳಿದರು: “ಇದನ್ನು ಆಸ್ವಾದಿಸಬೇಕೋ, ಇದರೊಡನೆ ಪ್ರಾರ್ಥಿಸಬೇಕೋ?” ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನುಡಿಸಿದ್ದು ಇಂಗ್ಲೆಂಡಿನ ವಿಲಿಯಂ ಬರ್ಡ್ ರಚಿಸಿದ, ನಾಲ್ಕು ದನಿಗಳ ‘ಮಾಸ್’. ಅಂದರೆ ಬಲಿಪೂಜೆಯ ಸ್ಥಿರಭಾಗಗಳ ಗೇಯರೂಪ. ಆ ಕೃತಿಯನ್ನೇ ಹಿಡಿದು ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಸಂಗೀತಗಾರನಾಗಿರುವುದು ಸುಲಭದ ಉದ್ಯೋಗವಾಗಿರಲಿಲ್ಲ. ಬರ್ಡ್‌ನ ಹಿರಿಯ ಸಹೋದ್ಯೋಗಿ ಥಾಮಸ್ ಟ್ಯಾಲಿಸ್ 1540ರಲ್ಲಿ ವಾಲ್ಥಮ್ ಮಠದಲ್ಲಿ ಸೇವೆಯಲ್ಲಿದ್ದಾಗ ಎಂಟನೆಯ ಹೆನ್ರಿಯ ಆಜ್ಞೆಯಿಂದ ಆ ಮಠವೇ ಮುಚ್ಚಿಹೋಯಿತು. ಮುಂದೆ ಅರಮನೆಯ ಗಾಯಕವೃಂದವಾದ ‘ಚಾಪೆಲ್ ರಾಯಲ್’ ಸೇರಿದ ಅವನು ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್ ಎಂಬ ನಾಲ್ವರು ಅರಸರ ಕೆಳಗೆ, ಆಯಾ ಕಾಲದ ಆರಾಧನಾ ಕ್ರಮಕ್ಕೆ ತಕ್ಕಂತೆ ಹಾಡು ಹೆಣೆದನು. ಆರ್ಚ್‌ಬಿಷಪ್ ಕ್ರ್ಯಾನ್ಮರ್ ಅವರು 1544ರಲ್ಲಿ ಅರಸನಿಗೆ ಬರೆದ ಪತ್ರದಲ್ಲಿ, ಆರಾಧನೆಯ ಹಾಡಿನಲ್ಲಿ ಸ್ವರಗಳು ಕಿಕ್ಕಿರಿಯಬಾರದು, ಸಾಧ್ಯವಾದಷ್ಟೂ ಒಂದು ಅಕ್ಷರಕ್ಕೆ ಒಂದೇ ಸ್ವರವಿರಲಿ ಎಂದು ಸೂಚಿಸಿದ್ದರು. ವಾಕ್ಯವು ಜನರಿಗೆ ಅರ್ಥವಾಗಬೇಕೆಂಬ ಆ ಕಳಕಳಿಯನ್ನು ನಾವು ಹಗುರವಾಗಿ ಕಾಣಲಾಗದು. 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂದಾಗ ಟ್ಯಾಲಿಸನು ಹೊಸ ನಿಯಮದೊಳಗೇ ಅತ್ಯಂತ ಸರಳವೂ ಸುಂದರವೂ ಆದ ಗೀತೆಗಳನ್ನು ರಚಿಸಿ ತೋರಿಸಿದನು. ಕ್ರ್ಯಾನ್ಮರ್ ಅವರನ್ನು 1556ರಲ್ಲಿ, ಮೇರಿಯ ಆಳ್ವಿಕೆಯಲ್ಲಿ, ಜೀವಂತ ಸುಡಲಾಯಿತು. ಈ ಕಥೆಯಲ್ಲಿ ಒಂದೇ ಪಕ್ಷದವರು ನೊಂದರೆಂದು ಯಾರೂ ತಿಳಿಯಬಾರದು.

ಬರ್ಡ್ ಹುಟ್ಟಿದ್ದು 1540ರ ಆಸುಪಾಸಿನಲ್ಲಿ. 1563ರಲ್ಲಿ ಲಿಂಕನ್ ಕೆಥೀಡ್ರಲ್‌ನ ಆರ್ಗನ್ ವಾದಕನಾಗಿ, 1572ರಲ್ಲಿ ಚಾಪೆಲ್ ರಾಯಲ್‌ನ ಸದಸ್ಯನಾಗಿ ನೇಮಕಗೊಂಡನು. 1575ರಲ್ಲಿ ರಾಣಿ ಎಲಿಜಬೆತ್ ಅವನಿಗೂ ಟ್ಯಾಲಿಸನಿಗೂ ಇಪ್ಪತ್ತೊಂದು ವರ್ಷಗಳ ಸಂಗೀತ ಮುದ್ರಣದ ಏಕಸ್ವಾಮ್ಯ ನೀಡಿದಳು. ಹೀಗೆ ರಾಣಿಯ ಅನ್ನ ಉಂಡವನು, ರಾಣಿಯ ಪ್ರಾರ್ಥನಾಲಯಕ್ಕಾಗಿ ‘ಗ್ರೇಟ್ ಸರ್ವಿಸ್’ ಎಂಬ ಹತ್ತು ದನಿಗಳ ಭವ್ಯ ಇಂಗ್ಲಿಷ್ ಆರಾಧನಾ ಸಂಗೀತ ಬರೆದವನು, ಮನಸ್ಸಾಕ್ಷಿಯಲ್ಲಿ ಕಥೋಲಿಕನಾಗಿಯೇ ಉಳಿದನು. ರಾಷ್ಟ್ರೀಯ ಚರ್ಚಿನ ಆರಾಧನೆಗೆ ಹಾಜರಾಗದವರಿಗೆ 1559ರ ಶಾಸನದ ಪ್ರಕಾರ ಹನ್ನೆರಡು ಪೆನ್ಸ್ ದಂಡವಿತ್ತು. 1581ರಲ್ಲಿ ಅದು ತಿಂಗಳಿಗೆ ಇಪ್ಪತ್ತು ಪೌಂಡಿಗೆ ಏರಿತು. ದಂಡದ ಪಟ್ಟಿಯಲ್ಲಿ ಮೊದಲು ಅವನ ಹೆಂಡತಿ ಜೂಲಿಯಾನಾಳ ಹೆಸರು, ಬಳಿಕ ಅವನ ಹೆಸರು ಕಾಣಿಸುತ್ತದೆ. ನಮ್ಮ ಓದುಗರಿಗೆ ಹೆಚ್ಚು ತಟ್ಟಬೇಕಾದದ್ದು 1585ರ ಶಾಸನ: ವಿದೇಶದ ಸೆಮಿನರಿಯಲ್ಲಿ ಗುರುದೀಕ್ಷೆ ಪಡೆದು ಇಂಗ್ಲೆಂಡಿಗೆ ಮರಳುವುದೇ ರಾಜದ್ರೋಹ, ಅದಕ್ಕೆ ಮರಣದಂಡನೆ. ಅಂದಿನ ಡೂಏ, ರ‍್ಹೀಮ್ಸ್, ರೋಮ್ ನಗರಗಳ ಸೆಮಿನರಿಗಳಲ್ಲಿ ಓದುತ್ತಿದ್ದ ಇಂಗ್ಲಿಷ್ ಯುವಕರಿಗೆ ದೀಕ್ಷೆಯ ಮುಂದಿನ ಹಾದಿ ಎಲ್ಲಿಗೆ ಹೋಗಬಹುದೆಂಬುದು ತಿಳಿದಿತ್ತು.

1586ರ ಜುಲೈ ತಿಂಗಳಲ್ಲಿ ಥೇಮ್ಸ್ ನದಿಯ ಬಳಿಯ ಹರ್ಲಿಫರ್ಡ್ ಎಂಬಲ್ಲಿ, ರಿಚರ್ಡ್ ಬೋಲ್ಡ್ ಎಂಬ ಸಿರಿವಂತನ ಮನೆಯಲ್ಲಿ, ಆಗಷ್ಟೇ ಗುಪ್ತವಾಗಿ ದೇಶದೊಳಗೆ ಬಂದಿದ್ದ ಹೆನ್ರಿ ಗಾರ್ನೆಟ್ ಮತ್ತು ರಾಬರ್ಟ್ ಸೌತ್‌ವೆಲ್ ಎಂಬ ಯೇಸುಸಭೆಯ ಗುರುಗಳನ್ನು ಬರಮಾಡಿಕೊಳ್ಳಲಾಯಿತು. ಅಲ್ಲಿದ್ದ ವಿಲಿಯಂ ವೆಸ್ಟನ್ ಎಂಬ ಮತ್ತೊಬ್ಬ ಗುರುವಿನ ಆತ್ಮಕಥನದಿಂದ ನಮಗೆ ಆ ದಿನಗಳ ವಿವರ ಸಿಗುತ್ತದೆ. ಮನೆಯೊಡೆಯನೇ ಸಂಗೀತ ಬಲ್ಲವನು. ಆರ್ಗನ್ ಇತ್ತು, ವಾದ್ಯಗಳಿದ್ದವು, ಹಾಡುವವರಿದ್ದರು. ಬಲಿಪೂಜೆ ಗಾಯನಸಹಿತ ನಡೆಯಿತು. ಅತಿಥಿಗಳಲ್ಲಿ ಬರ್ಡ್ ಇದ್ದನು. ಕೆಲವೇ ದಿನಗಳಲ್ಲಿ ವೆಸ್ಟನ್ ಸೆರೆಯಾದರು. ಸೌತ್‌ವೆಲ್ 1595ರಲ್ಲಿ, ಗಾರ್ನೆಟ್ 1606ರಲ್ಲಿ ಮರಣದಂಡನೆಗೆ ಗುರಿಯಾದರು.

ಮೂರು, ನಾಲ್ಕು ಮತ್ತು ಐದು ದನಿಗಳ ಮೂರು ಮಾಸ್‌ಗಳು ಬೆಳಕು ಕಂಡದ್ದು ಸುಮಾರು 1592ರಿಂದ 1595ರ ನಡುವೆ. ಅವುಗಳಿಗೆ ಮುಖಪುಟವಿಲ್ಲ. ಮುದ್ರಕನ ಹೆಸರಿಲ್ಲ, ಮುದ್ರಣದ ವರ್ಷವಿಲ್ಲ. ಥಾಮಸ್ ಈಸ್ಟ್ ಮುದ್ರಿಸಿದನೆಂಬುದನ್ನು ವಿದ್ವಾಂಸರು ಅಚ್ಚುಮೊಳೆಗಳನ್ನೂ ಅಲಂಕಾರದ ಅಕ್ಷರಗಳನ್ನೂ ಹೋಲಿಸಿ ಕಂಡುಕೊಂಡರು. ಪುಟದ ನೆತ್ತಿಯ ಮೇಲೆ ಬರ್ಡ್‌ನ ಹೆಸರು ಮಾತ್ರ ಇದೆ, ಮರೆಮಾಚದೆ. ಆ ಕಾಲದ ರೂಢಿಯಂತೆ ಪ್ರತಿ ದನಿಗೂ ಬೇರೆ ಪುಸ್ತಿಕೆ. ತೆಳ್ಳನೆಯ, ಅಂಗಿಯೊಳಗೆ ಅಡಗಿಸಬಹುದಾದ ಕೆಲವು ಹಾಳೆಗಳು. ಇಡೀ ಕೃತಿ ಯಾವ ಗಾಯಕನ ಕೈಯಲ್ಲೂ ಇರುವುದಿಲ್ಲ. ನಾಲ್ವರು ಕೂಡಿದಾಗಲೇ ಅದು ಇರುತ್ತದೆ. ಅನಂತರ ಬರ್ಡ್ ಲಂಡನ್ನಿನ ಸನಿಹವನ್ನು ಬಿಟ್ಟು ಎಸೆಕ್ಸ್ ಪ್ರಾಂತದ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ, ತನ್ನ ಆಶ್ರಯದಾತರಾದ ಪೀಟರ್ ಮನೆತನದ ಸಮೀಪಕ್ಕೆ ವಾಸ ಬದಲಿಸಿದನು, 1623ರಲ್ಲಿ ತೀರಿಕೊಂಡನು.

ಇನ್ನು ಕೇಳುವ ವಿಚಾರ. ನಮ್ಮ ಕಿವಿ ಒಂದೇ ರಾಗಧಾರೆಯನ್ನು ಹಿಂಬಾಲಿಸಿ ಪಳಗಿದ್ದು. ಬಾಸೆಲ್ ಮಿಶನ್ನಿನ ಪರಂಪರೆಯ ಸಭೆಗಳಲ್ಲಿ ನಾಲ್ಕು ದನಿಗಳ ಗೀತೆ ಹಾಡಿ ಬೆಳೆದವರಿಗೂ ಬರ್ಡ್ ಮೊದಲಿಗೆ ತೊಡಕೆನಿಸಬಹುದು. ಏಕೆಂದರೆ ಆ ಗೀತೆಗಳಲ್ಲಿ ನಾಲ್ಕೂ ದನಿಗಳು ಒಂದೇ ಅಕ್ಷರವನ್ನು ಒಟ್ಟಿಗೆ ಉಚ್ಚರಿಸುತ್ತವೆ; ರಾಗ ಮೇಲಿನ ದನಿಯಲ್ಲಿರುತ್ತದೆ, ಉಳಿದವು ಅದಕ್ಕೆ ಆಸರೆ. ಬರ್ಡ್‌ನಲ್ಲಿ ಒಂದು ದನಿ ಒಂದು ಪದವನ್ನು ಎತ್ತಿಕೊಳ್ಳುತ್ತದೆ. ಅದು ಮುಗಿಯುವ ಮುನ್ನವೇ ಇನ್ನೊಂದು ದನಿ ಅದೇ ಪದವನ್ನು ಬೇರೆ ಎತ್ತರದಿಂದ ಹಿಡಿಯುತ್ತದೆ. ಯಾರೂ ಮುಖ್ಯರಲ್ಲ, ಯಾರೂ ಪಕ್ಕವಾದ್ಯದವರಲ್ಲ. “ಮುಖ್ಯ ರಾಗ ಎಲ್ಲಿದೆ?” ಎಂದು ಹುಡುಕುವವನು ದಣಿಯುತ್ತಾನೆ. ನನ್ನ ಅನುಭವದಲ್ಲಿ ಒಳ್ಳೆಯ ಉಪಾಯವೆಂದರೆ ನಡುವಿನ ಒಂದು ದನಿಯನ್ನು, ಟೆನರ್ ಆದರೆ ಮೇಲು, ಕೈಬಿಡದೆ ಹಿಂಬಾಲಿಸುವುದು. ಉಳಿದವು ತಾವಾಗಿಯೇ ಸುತ್ತಲೂ ಬಂದು ನಿಲ್ಲುತ್ತವೆ.

ಆ ಕಾಲದ ಇಂಗ್ಲಿಷ್ ಸಂಗೀತಕ್ಕೇ ವಿಶಿಷ್ಟವಾದ ಒಂದು ಒಗರು ಕೂಡ ಇದೆ. ಒಂದು ದನಿಯಲ್ಲಿ ಕಾಕಲಿ ನಿಷಾದ, ಅದರ ಬೆನ್ನಿಗೇ, ಕೆಲವೊಮ್ಮೆ ಅದೇ ಗಳಿಗೆಯಲ್ಲಿ, ಇನ್ನೊಂದು ದನಿಯಲ್ಲಿ ಕೈಶಿಕಿ ನಿಷಾದ. ಕಾಗದದ ಮೇಲೆ ತಪ್ಪಿನಂತೆ ಕಾಣುವ ಈ ಘರ್ಷಣೆ ಕಿವಿಗೆ ನೋವಿನಂತೆ ತಾಗುತ್ತದೆ. 1605ರಲ್ಲಿ ಪ್ರಕಟವಾದ ಬರ್ಡ್‌ನ ‘ಆವೆ ವೇರುಮ್ ಕೋರ್ಪುಸ್’ ಗೀತೆಯ ಮೊದಲ ಸಾಲಿನಲ್ಲೇ ಮೇಲಿನ ದನಿಗೂ ಕೆಳಗಿನ ದನಿಗೂ ನಡುವೆ ಇದನ್ನು ಕೇಳಬಹುದು. ಕ್ರಿಸ್ತನ ನಿಜವಾದ ದೇಹ ಎಂಬ ಮಾತಿನ ಮೇಲೆಯೇ ಅದು ಬೀಳುತ್ತದೆ. ಪ್ರಭುಭೋಜನದ ಆ ಮಾತಿಗಾಗಿಯೇ ದೇಶ ಇಬ್ಭಾಗವಾಗಿತ್ತೆಂಬುದನ್ನು ನೆನೆದಾಗ ಆ ಸ್ವರ ಅಲಂಕಾರವಾಗಿ ಉಳಿಯುವುದಿಲ್ಲ.

ನಾಲ್ಕು ದನಿಗಳ ಮಾಸ್‌ನಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಸುಧಾರಣೆಗೆ ಮುಂಚಿನ ಇಂಗ್ಲಿಷ್ ಸಂಗೀತಗಾರರು ಸಾಮಾನ್ಯವಾಗಿ ‘ಕೀರಿಯೇ’ ಭಾಗವನ್ನು ಬಹುದನಿಗೆ ಅಳವಡಿಸುತ್ತಿರಲಿಲ್ಲ. ‘ಕ್ರೇದೋ’ದ ಕೆಲವು ವಾಕ್ಯಗಳನ್ನೂ ಬಿಡುತ್ತಿದ್ದರು. ಬರ್ಡ್ ಒಂದು ವಾಕ್ಯವನ್ನೂ ಬಿಡಲಿಲ್ಲ. ವಿಶ್ವಾಸಪ್ರಮಾಣವನ್ನು ನುಡಿದುದಕ್ಕೆ ಬೆಲೆ ತೆರಬೇಕಾದ ಜನ ಅದನ್ನು ಮೊಟಕುಗೊಳಿಸಿ ಹಾಡಲಾರರು. ಆದರೆ ಅದೇ ನಿಸಿಯಾ ವಿಶ್ವಾಸಪ್ರಮಾಣವು ಊರಿನ ಚರ್ಚಿನಲ್ಲಿಯೂ ಇಂಗ್ಲಿಷಿನಲ್ಲಿ ಕೇಳಿಬರುತ್ತಿತ್ತು. ಸಾರ್ವತ್ರಿಕ ಸಭೆಯನ್ನು ನಂಬುತ್ತೇವೆಂದು ಎರಡೂ ಕಡೆಯವರು ನುಡಿಯುತ್ತಿದ್ದರು. ಎರಡನೆಯದಾಗಿ, ‘ಸಾಂಕ್ತುಸ್’ ಭಾಗವನ್ನು ಬರ್ಡ್ ಜಾನ್ ಟ್ಯಾವರ್ನರ್ ಎಂಬ ಹಿಂದಿನ ತಲೆಮಾರಿನ ಸಂಗೀತಗಾರನ ಮಾಸ್ ಒಂದರ ಮಾದರಿಯ ಮೇಲೆ ಕಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಮೂರು ದಶಕಗಳಿಂದ ಮಾಸ್ ರಚನೆಯೇ ನಿಂತಿತ್ತು. ತುಂಡಾದ ಹಗ್ಗದ ಇನ್ನೊಂದು ತುದಿಯನ್ನು ಕತ್ತಲಲ್ಲಿ ತಡಕಿ ಹಿಡಿದಂತೆ ಇದು ನನಗೆ ಕಾಣುತ್ತದೆ. ಕೊನೆಯ ‘ಆಗ್ನುಸ್ ದೇಯಿ’ ಕೇವಲ ಎರಡು ದನಿಗಳಿಂದ ಆರಂಭವಾಗುತ್ತದೆ. ಶಾಂತಿಗಾಗಿ ಬೇಡುವಾಗ ನಾಲ್ಕೂ ಸೇರುತ್ತವೆ. ಅಲ್ಲಿ ಒಂದು ದನಿ ಸ್ವರವನ್ನು ಹಿಡಿದು ನಿಲ್ಲುತ್ತದೆ, ಇನ್ನೊಂದು ಅದಕ್ಕೆ ತಗುಲಿ ನೋಯಿಸುತ್ತದೆ, ಮೊದಲನೆಯದು ಒಂದು ಮೆಟ್ಟಿಲು ಇಳಿದು ಬಿಡುಗಡೆ ಪಡೆಯುತ್ತದೆ, ಮತ್ತೆ ಅದೇ. ಶಾಂತಿ ಇನ್ನೂ ಬಂದಿಲ್ಲದವರ ಬೇಡಿಕೆ ಅದು.

ಈ ಸಂಗೀತ ಮರಳಿ ಜನರ ಕಿವಿಗೆ ಬಿದ್ದುದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. 1901ರಿಂದ ವೆಸ್ಟ್‌ಮಿನ್‌ಸ್ಟರ್‌ನ ಕಥೋಲಿಕ ಕೆಥೀಡ್ರಲ್‌ನಲ್ಲಿ ರಿಚರ್ಡ್ ಟೆರಿ ಇದನ್ನು ಪೂಜೆಯಲ್ಲಿಯೇ ಹಾಡಿಸಿದರು. ವಿಂಡ್ಸರ್‌ನ ಆಂಗ್ಲಿಕನ್ ಪಾದ್ರಿ ಎಡ್ಮಂಡ್ ಫೆಲೋಸ್ ಬರ್ಡ್‌ನ ಕೃತಿಗಳನ್ನು ಇಪ್ಪತ್ತು ಸಂಪುಟಗಳಲ್ಲಿ ಸಂಪಾದಿಸಿದರು. ಕಥೋಲಿಕನೊಬ್ಬನ ಗುಪ್ತ ಪೂಜಾಗೀತೆಗಳನ್ನು ಆಂಗ್ಲಿಕನ್ ಪಾದ್ರಿಯೊಬ್ಬರು ಬಾಳೆಲ್ಲ ಸವೆಸಿ ಅಚ್ಚಿಗೆ ತಂದದ್ದನ್ನು ಸಭೈಕ್ಯದ ಇತಿಹಾಸ ಬರೆಯುವವರು ಮರೆಯಬಾರದು.

ಧ್ವನಿಮುದ್ರಿಕೆಗಳಲ್ಲಿ ಆಯ್ಕೆ ಧಾರಾಳವಾಗಿದೆ. ಡೇವಿಡ್ ವಿಲ್‌ಕಾಕ್ಸ್ ಅವರ ನಿರ್ದೇಶನದಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಹುಡುಗರೂ ಗಂಡಸರೂ ಹಾಡಿದ್ದರಲ್ಲಿ ಕಲ್ಲುಚಾವಣಿಯ ಪ್ರತಿಧ್ವನಿಯೇ ಐದನೆಯ ದನಿ. 1973ರಲ್ಲಿ ಪೀಟರ್ ಫಿಲಿಪ್ಸ್ ಸ್ಥಾಪಿಸಿದ ಟ್ಯಾಲಿಸ್ ಸ್ಕಾಲರ್ಸ್ ತಂಡದಲ್ಲಿ ಮೇಲಿನ ದನಿ ಹೆಂಗಸರದು, ಸ್ಪಷ್ಟತೆ ಗಾಜಿನಂತೆ. ಹಿಲಿಯರ್ಡ್ ಎನ್ಸೆಂಬಲ್ ಕೆಲವೇ ಗಂಡುದನಿಗಳಲ್ಲಿ ಹಾಡಿದೆ. ಆಂಡ್ರ್ಯೂ ಕಾರ್‌ವುಡ್ ಅವರ ಕಾರ್ಡಿನಲ್ಸ್ ಮ್ಯೂಸಿಕ್ ತಂಡ ಬರ್ಡ್‌ನ ಲ್ಯಾಟಿನ್ ಗೀತೆಗಳೆಲ್ಲವನ್ನೂ ಹದಿಮೂರು ಮುದ್ರಿಕೆಗಳಲ್ಲಿ ಮುಗಿಸಿತು. ಯಾವುದು ‘ಸರಿ’ ಎಂಬ ವಾದ ಇನ್ನೂ ನಿಂತಿಲ್ಲ. ಬರೆದ ಎತ್ತರಕ್ಕಿಂತ ಸುಮಾರು ಮೂರು ಸ್ವರಸ್ಥಾನ ಮೇಲೆ ಹಾಡಬೇಕೆಂದು ಡೇವಿಡ್ ವುಲ್‌ಸ್ಟನ್ ವಾದಿಸಿದ್ದರಿಂದ ಒಂದು ತಲೆಮಾರಿನ ಮುದ್ರಿಕೆಗಳೆಲ್ಲ ಆಕಾಶಕ್ಕೇರಿದವು; ಈಗ ಆ ವಾದವನ್ನು ಹಲವರು ಒಪ್ಪುವುದಿಲ್ಲ. ನನ್ನ ಒಲವು ಸಣ್ಣ ತಂಡಗಳ ಕಡೆಗೆ. ಮುಚ್ಚಿದ ಕಿಟಕಿಯ ಮನೆಯಲ್ಲಿ ಐವತ್ತು ಜನರ ಗಾಯಕವೃಂದ ಹಾಡಲಿಲ್ಲ. ಆದರೂ ಕಿಂಗ್ಸ್ ಕಾಲೇಜಿನ ಹಳೆಯ ಮುದ್ರಿಕೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮುದ್ರಿಕೆ ಮಾಡುವ ಒಂದು ಹಾನಿಯನ್ನು ಹೇಳಲೇಬೇಕು. ಪೂಜೆಯಲ್ಲಿ ‘ಗ್ಲೋರಿಯಾ’ದ ನಂತರ ಪ್ರಾರ್ಥನೆಯಿದೆ, ಪಾಠಗಳಿವೆ, ‘ಕ್ರೇದೋ’ದ ಬಳಿಕ ಅರ್ಪಣೆ, ‘ಸಾಂಕ್ತುಸ್’ಗೂ ‘ಆಗ್ನುಸ್ ದೇಯಿ’ಗೂ ನಡುವೆ ರೊಟ್ಟಿ ದ್ರಾಕ್ಷಾರಸಗಳ ಪ್ರತಿಷ್ಠೆ. ಗಂಟೆಯುದ್ದಕ್ಕೂ ಹರಡಿಕೊಂಡದ್ದನ್ನು ಮುದ್ರಿಕೆ ಸುಮಾರು ಇಪ್ಪತ್ತೈದು ನಿಮಿಷಗಳಿಗೆ ಕುಗ್ಗಿಸುತ್ತದೆ. ಸಂಗೀತದ ಅರ್ಧ ಅರ್ಥ ಅದರ ನಡುವಿನ ಮೌನದಲ್ಲಿತ್ತು. ಸಭಾಂಗಣದಲ್ಲಿಯೂ ಇದೇ ಕೊರತೆ. ಈ ಕಾರಣಕ್ಕೆ ಇಂಗ್ಲೆಂಡಿಗೆ ಹೋಗುವವರಿಗೆ ನಾನು ಸಂಗೀತ ಕಚೇರಿಗಿಂತ ಕೆಥೀಡ್ರಲ್‌ಗಳ ಸಂಜೆಯ ಆರಾಧನೆಯನ್ನು ಸೂಚಿಸುತ್ತೇನೆ. ಅಲ್ಲಿ ಬರ್ಡ್, ಟ್ಯಾಲಿಸ್, ಗಿಬ್ಬನ್ಸ್ ಇವರ ಗೀತೆಗಳು ಕೀರ್ತನೆ ಮತ್ತು ಪಾಠಗಳ ನಡುವೆ ಬರುತ್ತವೆ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಿಬಿಸಿ 1926ರಿಂದ ಈ ಆರಾಧನೆಯನ್ನು ಪ್ರಸಾರ ಮಾಡುತ್ತ ಬಂದಿದೆ.

ಹಾಗಾದರೆ ಸಭಾಂಗಣದಲ್ಲಿ ಕೇಳಿ ಸುಖಿಸುವುದು ತಪ್ಪೇ? ನಾನು ಹಾಗೆ ಹೇಳಲಾರೆ. ಸೊಗಸಾಗಿ ಮಾಡದಿದ್ದರೂ ಆಗುತ್ತಿದ್ದ ಕೆಲಸವನ್ನು ಬರ್ಡ್ ಇಷ್ಟು ಸೊಗಸಾಗಿ ಮಾಡಿದನು. ನಾಲ್ಕು ಜನರ ಗುಪ್ತಕೂಟಕ್ಕೆ ಸರಳ ಪಠಣವೂ ಸಾಕಿತ್ತು. ಆ ಸೊಗಸನ್ನು ಸವಿಯದೆ ಅವನ ಪ್ರಾರ್ಥನೆಯೊಳಗೆ ಹೋಗಲು ಬೇರೆ ಬಾಗಿಲಿಲ್ಲ. ವಿದ್ಯಾರ್ಥಿಯ ಪ್ರಶ್ನೆಯಲ್ಲಿದ್ದ ‘ಅಥವಾ’ ಎಂಬುದನ್ನು ನಾನು ಈಗ ಒಪ್ಪುವುದಿಲ್ಲ. ಪಕ್ಕದ ಆಸನದ ಅವಿಶ್ವಾಸಿಯೂ ಅದೇ ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ಅಲ್ಲಿ ಏನು ಕಾಣುತ್ತದೆಂದು ನಿರ್ಧರಿಸುವುದು ನಮ್ಮ ಕೆಲಸವಲ್ಲ.

ಈಚೆಗೆ ನಮ್ಮ ತರಗತಿಯಲ್ಲಿ ಕೇಳುವ ಕ್ರಮ ಬದಲಾಗಿದೆ. ಮೂಲ ಲ್ಯಾಟಿನ್ ಪಠ್ಯವನ್ನೂ ಕನ್ನಡದ ಅರ್ಥವನ್ನೂ ಮೊದಲೇ ಹಂಚುತ್ತೇವೆ. ‘ಗ್ಲೋರಿಯಾ’ ಮುಗಿದೊಡನೆ ಮುದ್ರಿಕೆಯನ್ನು ನಿಲ್ಲಿಸಿ ಆ ದಿನದ ಪಾಠವನ್ನು ಓದುತ್ತೇವೆ. ‘ಕ್ರೇದೋ’ ಕೇಳಿ ಸುಮ್ಮನಿರುತ್ತೇವೆ. ‘ಆಗ್ನುಸ್ ದೇಯಿ’ಗೆ ಮುನ್ನ ಐದು ನಿಮಿಷ ಯಾರೂ ಮಾತನಾಡುವುದಿಲ್ಲ. ಮೊದಲ ಸಲ ಆ ಐದು ನಿಮಿಷ ಬಹಳ ಉದ್ದವೆನಿಸಿತೆಂದು ಹಲವರು ದೂರಿದರು. ಎರಡು ದನಿಗಳು ಮೆಲ್ಲನೆ ಏಳುವ ಹೊತ್ತಿಗೆ ಒಬ್ಬರೂ ಕದಲಿರಲಿಲ್ಲ.