ಹುರುಳಿಯೊಳಗಿನ ಕಲ್ಲು, ಹಲ್ಲಿನ ಮೇಲಿನ ಕ್ಯಾಪು

ಬಂಗಾರಪೇಟೆ ಕಡೆ ಸುಗ್ಗಿ ಬಂದರೆ ಟಾರು ರಸ್ತೆಯೇ ಕಣ. ಹುರುಳಿ ಹರಡಿದರೆ ಲಾರಿ, ಬಸ್ಸು ಹತ್ತಿಳಿದು ಒಕ್ಕಣೆ ಮಾಡಿಕೊಡುತ್ತವೆ. ಕೂಲಿ ಉಳಿಯಿತು, ಸರಿ. ಆದರೆ ಕಾಳಿನ ಜೊತೆ ಕಾಳಿನಷ್ಟೇ ದಪ್ಪದ ಕಲ್ಲೂ ಮನೆಗೆ ಬರುತ್ತೆ. ರಾಗಿಯೊಳಗಿನ ಕಲ್ಲು ಮಿಲ್ಲಿನಲ್ಲಿ ಪುಡಿಯಾಗಿಬಿಡುತ್ತೆ. ಹುರುಳಿಯನ್ನು ಇಡಿಯಾಗಿ ಬೇಯಿಸುವುದರಿಂದ ಕಲ್ಲೂ ಇಡಿಯಾಗಿ ಬಾಯಿಗೆ ಸಿಕ್ಕುತ್ತೆ.

ನಮ್ಮ ಚಾಂಪಿಯನ್ ರೀಫ್ಸ್ ಸುತ್ತ ಬೆಣಚುಕಲ್ಲಿಗೆ ಬರವಿಲ್ಲ. 2001ರಲ್ಲಿ ಮುಚ್ಚಿದ ಗಣಿಯಲ್ಲಿ ಚಿನ್ನ ಸಿಗುತ್ತಿದ್ದದ್ದೂ ಬೆಣಚಿನ ಪಟ್ಟೆಯಲ್ಲೇ. ಈ ಕಲ್ಲು ಹಲ್ಲಿನ ಎನಾಮೆಲ್‌ಗಿಂತ ಗಟ್ಟಿ.

ಹಲ್ಲಿನ ಮೇಲ್ಪದರ ಎನಾಮೆಲ್. ಗಟ್ಟಿ, ಆದರೆ ಪೆಡಸು. ಅದರ ಕೆಳಗಿನ ಡೆಂಟಿನ್ ಮೆದು, ಒತ್ತಿದರೆ ತುಸು ತಗ್ಗುತ್ತೆ. ಸವೆದ ಹಲ್ಲಿಗೆ ಕೂರಿಸುವ ಪಿಂಗಾಣಿ ಕ್ಯಾಪಿನದೂ ಇದೇ ಕತೆ: ಮೇಲೆ ಪೆಡಸು, ಕೆಳಗೆ ಮೆದು.

ಕೆರೆ ಬತ್ತುವಾಗ ಅಂಚಿನ ಕೆಸರಿನ ಮೇಲೆ ಹಪ್ಪಳದಂಥ ಒಣ ಪದರ ಕಟ್ಟುತ್ತದಲ್ಲ, ಅದರ ಮೇಲೊಂದು ಹೆಜ್ಜೆಯಿಟ್ಟು ನೋಡಿ. ಕೆಳಗಿನ ಕೆಸರು ತಗ್ಗುತ್ತೆ, ಪದರವೂ ಅದರ ಜೊತೆ ಬಾಗಬೇಕಾಗುತ್ತೆ. ಬಾಗಿದಾಗ ಮೇಲ್ಮೈ ಒತ್ತಿಕೊಳ್ಳುತ್ತೆ, ತಳಮೈ ಎಳೆದುಕೊಳ್ಳುತ್ತೆ. ಪೆಡಸು ವಸ್ತು ಒತ್ತನ್ನು ತಾಳುತ್ತೆ, ಎಳೆತವನ್ನು ತಾಳುವುದಿಲ್ಲ. ಹಾಗಾಗಿ ಬಿರುಕು ಹುಟ್ಟುವುದು ತಳದಲ್ಲಿ, ಒತ್ತಿದ ಜಾಗದ ನೇರ ಕೆಳಗೆ. ಅಲ್ಲಿಂದ ನಕ್ಷತ್ರದ ಕಾಲಿನಂತೆ ಸುತ್ತಲೂ ಹರಡಿ ಆಮೇಲೆ ಮೇಲೇರುತ್ತೆ.

ಪದರ ದಪ್ಪಗಿದ್ದರೆ ಬಾಗುವುದು ಕಡಿಮೆ. ಆಗ ಬಿರುಕು ಬೀಳುವುದು ಮೇಲ್ಮೈಯಲ್ಲಿ, ಕಲ್ಲು ತಾಗಿದ ಜಾಗದ ಸುತ್ತ ಬಳೆಯಂತೆ. ಗಾಜಿನ ಮೇಲೆ ಗುಂಡನೆಯ ವಸ್ತು ಒತ್ತಿದರೆ ಏನಾಗುತ್ತೆ ಎಂದು ಲೆಕ್ಕ ಹಾಕಿದವರು ಜರ್ಮನಿಯ ಹರ್ಟ್ಸ್, 1881ರಲ್ಲಿ. ರೇಡಿಯೋದಲ್ಲಿ ಹೇಳುವ ಕಿಲೋಹರ್ಟ್ಸ್ ಅವರದೇ ಹೆಸರು. ತಳದಿಂದ ಬಿರಿಯುವ ತೆಳು ಪದರದ ಲೆಕ್ಕ ಬೇರೆ: ದಪ್ಪ ಅರ್ಧಕ್ಕಿಳಿದರೆ ತಾಳುವ ಭಾರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ಕ್ಯಾಪು ತೆಳ್ಳಗಿದ್ದಷ್ಟೂ ಚೆನ್ನ ಎನ್ನುವವರು ಇದನ್ನು ಗಮನಿಸಬೇಕು. ದವಡೆ ಹಲ್ಲಿನ ಕಚ್ಚು 50 ಕಿಲೋ ಮೀರಬಹುದು, ಅಷ್ಟೂ ಒಂದು ಕಲ್ಲಿನ ತುದಿಯ ಮೇಲೆ!

ನನ್ನ ಕ್ಯಾಪಿನ ಮೇಲೆ ಕಲ್ಲು ಕಚ್ಚಿದ ದಿನ ಒಂದು ಗೀರೂ ಕಾಣಲಿಲ್ಲ. ಮೂರು ತಿಂಗಳಾದ ಮೇಲೆ ಮೆತ್ತಗಿನ ಅನ್ನ ಉಣ್ಣುವಾಗ ಎರಡು ಹೋಳಾಯಿತು. ಒಳಗಿನ ಬಿರುಕು ಒಂದೊಂದು ಅಗಿತಕ್ಕೂ ಸ್ವಲ್ಪ ಸ್ವಲ್ಪ ಬೆಳೆಯುತ್ತೆ, ಬಾಯಿಯ ತೇವ ಅದಕ್ಕೆ ಇನ್ನಷ್ಟು ಅನುಕೂಲ. ಹುಟ್ಟು ಹಲ್ಲು ಈ ವಿಷಯದಲ್ಲಿ ಮೇಲು. ಎನಾಮೆಲ್ ಮತ್ತು ಡೆಂಟಿನ್ ಕೂಡುವ ಕಡೆ ಎಷ್ಟೋ ಬಿರುಕು ನಿಂತುಬಿಡುತ್ತೆ.

ಕಚ್ಚಿ ಬಿಟ್ಟಾಗ ಚುಳ್ಳೆಂದರೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಒಡೆಯುವತನಕ ಕಾಯಬೇಡಿ. ಹುರುಳಿಯನ್ನು ಮೊರದಲ್ಲಿ ಕೇರಿದರೆ ಮಾತ್ರ ಸಾಲದು, ಕಾಳಿನ ಗಾತ್ರದ ಕಲ್ಲು ಕಾಳಿನ ಜೊತೆಯೇ ಉಳಿಯುತ್ತೆ. ನೀರಿನಲ್ಲಿ ಜಾಲಿಸಿ, ಕಲ್ಲು ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತೆ. ಮಾರುವ ಕಾಳಾದರೆ ರಸ್ತೆ ಬಿಟ್ಟು ಟಾರ್ಪಾಲಿನ ಮೇಲೆ ಬಡಿಯಿರಿ. ನಾವು ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ಮೂಟೆಗೆ ಕೂಲಿ ಹೆಚ್ಚು ಬೀಳುತ್ತೆ, ಅದನ್ನು ಬೆಲೆಯಲ್ಲಿ ಕೇಳುತ್ತೇವೆ.