ಗ್ರೆಪ್ ‘ಇಲ್ಲ’ ಅಂದ್ರೆ ನಿಜವಾಗ್ಲೂ ಇಲ್ವಾ?

ಲಿನಕ್ಸ್ ಲ್ಯಾಬ್ ಶುರುವಾದ ಮೇಲೆ ನಾವೆಲ್ಲ ಕಲಿಯೋ ಮೊದಲ ಹತ್ತು ಕಮಾಂಡ್‌ಗಳಲ್ಲಿ ಗ್ರೆಪ್ ಇದ್ದೇ ಇರುತ್ತೆ. ಕೆನ್ ಥಾಂಪ್ಸನ್ ಬರೆದ ಈ ಪ್ರೋಗ್ರಾಂ 1973ರಲ್ಲಿ ಯುನಿಕ್ಸ್‌ನ ನಾಲ್ಕನೇ ಆವೃತ್ತಿಯ ಜೊತೆ ಬಂತು. ಫೈಲ್‌ನಲ್ಲಿ ಒಂದು ಪದ ಇರೋ ಸಾಲುಗಳನ್ನ ಹುಡುಕಿ ತೋರಿಸೋದು ಇದರ ಕೆಲಸ. ಟರ್ಮಿನಲ್‌ನಲ್ಲಿ ನಾವೇ ಓಡಿಸಿದಾಗ ತೊಂದರೆ ಇಲ್ಲ, ಸಾಲು ಬಂತಾ ಇಲ್ವಾ ಅಂತ ಕಣ್ಣಲ್ಲೇ ನೋಡ್ತೀವಿ. ಆದರೆ ಸ್ಕ್ರಿಪ್ಟ್‌ಗೆ ಕಣ್ಣಿಲ್ಲ. ಅದಕ್ಕೆ ಗೊತ್ತಾಗೋದು ಒಂದೇ ಒಂದು ಸಂಖ್ಯೆ: ಎಕ್ಸಿಟ್ ಕೋಡ್.

ಪ್ರತಿ ಕಮಾಂಡ್ ಮುಗಿಯುವಾಗ 0ಯಿಂದ 255ರ ಒಳಗಿನ ಒಂದು ಸಂಖ್ಯೆಯನ್ನ ಬಿಟ್ಟು ಹೋಗುತ್ತೆ. ಶೆಲ್‌ನಲ್ಲಿ ಅದನ್ನ $? ಅಂತ ಕೇಳಿ ನೋಡಬಹುದು. 0 ಅಂದ್ರೆ ಕೆಲಸ ಆಯ್ತು, ಬೇರೆ ಏನೇ ಬಂದರೂ ಆಗಲಿಲ್ಲ. ಸಿ ಭಾಷೆಯಲ್ಲಿ 0 ಅಂದ್ರೆ ಸುಳ್ಳು ಅಂತ ಕಲಿತ ನಮಗೆ ಇದು ಉಲ್ಟಾ ಅನ್ಸುತ್ತೆ. ಯೋಚಿಸಿದ್ರೆ ಸರಿಯಾಗೇ ಇದೆ: ಗೆಲ್ಲೋಕೆ ಒಂದೇ ದಾರಿ, ಸೋಲೋಕೆ ನೂರೆಂಟು ದಾರಿ. ಆ ನೂರೆಂಟಕ್ಕೆ ಬೇರೆ ಬೇರೆ ಸಂಖ್ಯೆ ಬೇಕಲ್ಲ!

ಗ್ರೆಪ್ ಮೂರು ಉತ್ತರ ಕೊಡುತ್ತೆ. ಸಿಕ್ಕರೆ 0. ಪೂರ್ತಿ ಹುಡುಕಿಯೂ ಸಿಗದಿದ್ರೆ 1. ಫೈಲೇ ಇಲ್ಲ, ಓದೋಕೆ ಪರ್ಮಿಷನ್ ಇಲ್ಲ, ಪ್ಯಾಟರ್ನ್ ತಪ್ಪಾಗಿದೆ ಅನ್ನೋ ಥರದ ತೊಂದರೆ ಇದ್ರೆ 2. ಅಂದ್ರೆ ‘ಹುಡುಕಿದೆ, ಸಿಗಲಿಲ್ಲ’ ಬೇರೆ, ‘ಹುಡುಕೋಕೇ ಆಗಲಿಲ್ಲ’ ಬೇರೆ. ನಮ್ಮ ಹೆಚ್ಚಿನ ಸ್ಕ್ರಿಪ್ಟ್‌ಗಳು ಎಡವೋದು ಇಲ್ಲೇ.

ಒಂದು ಉದಾಹರಣೆ ತಗೊಳ್ಳೋಣ. ರಾತ್ರಿ ಓಡೋ ಒಂದು ಬ್ಯಾಕಪ್ ಸ್ಕ್ರಿಪ್ಟ್ ಇದೆ ಅಂದುಕೊಳ್ಳಿ. ಒಂದು ಸೆಮಿಸ್ಟರ್‌ನ ಎಲ್ಲ ಪ್ರಾಜೆಕ್ಟ್ ಫೈಲ್‌ಗಳನ್ನ ಅದು ಕಾಪಿ ಮಾಡುತ್ತೆ. ಆಮೇಲೆ ಲಾಗ್ ಫೈಲ್‌ನಲ್ಲಿ ‘ಎರರ್’ ಅಂತ ಹುಡುಕುತ್ತೆ. ಸಿಕ್ಕರೆ ನಿಲ್ಲುತ್ತೆ, ಸಿಗದಿದ್ರೆ ಜಾಗ ಉಳಿಸೋಕೆ ಹಳೇ ಬ್ಯಾಕಪ್ ಅಳಿಸುತ್ತೆ. ಇಫ್-ಎಲ್ಸ್ ಹಾಕಿ ನಾಲ್ಕೇ ಸಾಲಲ್ಲಿ ಬರೆಯಬಹುದು. ಈಗ ಯಾವುದೋ ಕಾರಣಕ್ಕೆ ಲಾಗ್ ಫೈಲ್ ಹುಟ್ಟಲೇ ಇಲ್ಲ ಅಂದುಕೊಳ್ಳಿ. ಗ್ರೆಪ್ 2 ಕೊಡುತ್ತೆ. ಇಫ್‌ಗೆ 1ಕ್ಕೂ 2ಕ್ಕೂ ವ್ಯತ್ಯಾಸ ಗೊತ್ತಿಲ್ಲ, ಎರಡೂ ಎಲ್ಸ್‌ಗೇ ಹೋಗುತ್ತವೆ. ಹೊಸ ಬ್ಯಾಕಪ್ ಆಗಿಲ್ಲ, ಹಳೇದೂ ಹೋಯ್ತು.

ಹಾಗಾದ್ರೆ ಸ್ಕ್ರಿಪ್ಟ್ ವಿಚಿತ್ರವಾಗಿ ವರ್ತಿಸಿದಾಗ ಎಲ್ಲೆಲ್ಲಿ ನೋಡಬೇಕು?

ಮೊದಲನೆಯದು, $? ಬಹಳ ಬೇಗ ಬದಲಾಗುತ್ತೆ. ಗ್ರೆಪ್ ಆದ ಮೇಲೆ ‘ಹುಡುಕಾಟ ಮುಗೀತು’ ಅಂತ ಒಂದು ಎಕೋ ಹಾಕಿ ಆಮೇಲೆ $? ನೋಡಿದ್ರೆ ಸಿಗೋದು ಎಕೋದ ಕೋಡ್, ಅಂದ್ರೆ 0. ಗ್ರೆಪ್‌ನ ಮುಂದಿನ ಸಾಲಲ್ಲೇ ಅದನ್ನ ಒಂದು ವೇರಿಯಬಲ್‌ಗೆ ಹಾಕಿಟ್ಟುಕೊಳ್ಳಿ. ಆಮೇಲೆ ಕೇಸ್ ಬಳಸಿ 0, 1, ಉಳಿದದ್ದು ಅಂತ ಮೂರು ದಾರಿ ಮಾಡಿ.

ಎರಡನೆಯದು, ಪೈಪ್. ಹಲವು ಕಮಾಂಡ್‌ಗಳನ್ನ | ಹಾಕಿ ಜೋಡಿಸಿದಾಗ ಶೆಲ್ ಕೊಡೋದು ಕೊನೇ ಕಮಾಂಡ್‌ನ ಕೋಡ್ ಮಾತ್ರ. ಗ್ರೆಪ್ ಆದ ಮೇಲೆ ಸಾಲು ಎಣಿಸೋ ಕಮಾಂಡ್ ಇದ್ರೆ, ಗ್ರೆಪ್ ಸೋತರೂ ಅದು ‘ಸೊನ್ನೆ ಸಾಲು’ ಅಂತ ಎಣಿಸಿ ಖುಷಿಯಾಗಿ 0 ಕೊಡುತ್ತೆ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆನ್ ಮಾಡಿದ್ರೆ ಮಧ್ಯದವರ ಸೋಲೂ ಹೊರಗೆ ಕಾಣುತ್ತೆ.

ಮೂರನೆಯದು, ತಪ್ಪಾದ ತಕ್ಷಣ ಸ್ಕ್ರಿಪ್ಟ್ ನಿಲ್ಲಿಸೋ ‘ಸೆಟ್ ಮೈನಸ್ ಇ’. ಇದು ಆನ್ ಇದ್ದಾಗ ಬರೀ ಗ್ರೆಪ್ ಬರೆದು, ಪದ ಸಿಗದಿದ್ರೆ, 1 ಬಂದ ಕೂಡಲೇ ಸ್ಕ್ರಿಪ್ಟ್ ಸದ್ದಿಲ್ಲದೆ ಸತ್ತು ಹೋಗುತ್ತೆ. ಇದಕ್ಕೆ ಎಲ್ಲರೂ ಮಾಡೋ ಮದ್ದು, ಕೊನೆಗೆ || ಹಾಕಿ ‘ಟ್ರೂ’ ಅಂತ ಬರೆಯೋದು. ಆದರೆ ಅದು 1ನ್ನೂ ನುಂಗುತ್ತೆ, 2ನ್ನೂ ನುಂಗುತ್ತೆ. ಅದರ ಬದಲು ವೇರಿಯಬಲ್‌ಗೆ ಮೊದಲು 0 ಕೊಟ್ಟು, || ಆದ ಮೇಲೆ $? ಅನ್ನ ಅದೇ ವೇರಿಯಬಲ್‌ಗೆ ಹಾಕಿ. ಸ್ಕ್ರಿಪ್ಟೂ ಬದುಕುತ್ತೆ, ಕೋಡೂ ಉಳಿಯುತ್ತೆ.

ನಾಲ್ಕನೆಯದು ಸ್ವಲ್ಪ ತಲೆ ತಿನ್ನೋ ವಿಷಯ. ಗ್ರೆಪ್‌ಗೆ ‘ಮೈನಸ್ ಕ್ಯೂ’ ಕೊಟ್ಟರೆ ಮೊದಲ ಸಲ ಸಿಕ್ಕಿದ ಕೂಡಲೇ ಎದ್ದು ಹೋಗುತ್ತೆ. ಅದರ ಹಿಂದಿನ ಕಮಾಂಡ್ ಇನ್ನೂ ಪೈಪ್‌ಗೆ ಬರೀತಾ ಇದ್ರೆ, ಕೇಳೋರಿಲ್ಲದೆ ಸಿಗ್‌ಪೈಪ್ ಸಿಗ್ನಲ್‌ಗೆ ಸಿಕ್ಕಿ ಸಾಯುತ್ತೆ. ಆ ಸಿಗ್ನಲ್‌ನ ಸಂಖ್ಯೆ 13, ಶೆಲ್ ಅದಕ್ಕೆ 128 ಸೇರಿಸಿ 141 ಅನ್ನುತ್ತೆ. ಪೈಪ್‌ಫೇಲ್ ಆನ್ ಇದ್ರೆ, ಪದ ಸಿಕ್ಕಿದ್ರೂ ಉತ್ತರ ‘ಸೋಲು’! ಚಿಕ್ಕ ಫೈಲ್‌ನಲ್ಲಿ ಸರಿ, ದೊಡ್ಡದರಲ್ಲಿ ಕೆಲವೊಮ್ಮೆ ಮಾತ್ರ ತಪ್ಪು ಅಂದ್ರೆ ಇದನ್ನೇ ಅನುಮಾನಿಸಿ. ಔಟ್‌ಪುಟ್ಟನ್ನ ಮೊದಲು ಒಂದು ಫೈಲ್‌ಗೆ ಬರೆದು ಆಮೇಲೆ ಹುಡುಕಿದ್ರೆ ರಗಳೆ ಇರಲ್ಲ.

ಇನ್ನು ಕೋಡ್ ಸರಿ ಇದ್ದು ಹುಡುಕಾಟವೇ ತಪ್ಪೋದೂ ಉಂಟು. ಪ್ಯಾಟರ್ನ್‌ನಲ್ಲಿ ಚುಕ್ಕಿ ಅಂದ್ರೆ ‘ಯಾವ ಅಕ್ಷರವಾದರೂ ಸರಿ’ ಅಂತ. 10.1 ಹುಡುಕಿದ್ರೆ 1001 ಕೂಡ ಸಿಗುತ್ತೆ. ಇದ್ದದ್ದು ಇದ್ದ ಹಾಗೇ ಹುಡುಕೋಕೆ ‘ಮೈನಸ್ ದೊಡ್ಡ ಎಫ್’ ಕೊಡಿ. ವಿಂಡೋಸ್‌ನಲ್ಲಿ ಬರೆದ ಫೈಲ್‌ಗಳಲ್ಲಿ ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅಡಗಿರುತ್ತೆ, ಸಾಲಿನ ಕೊನೆ ಅಂತ $ ಹಾಕಿದ್ರೆ ಹೊಂದಲ್ಲ. ಕನ್ನಡದಲ್ಲಿ ಇನ್ನೊಂದು ತಮಾಷೆ ಇದೆ. ಅರ್ಧಾಕ್ಷರ ಬೇರೆಯಾಗಿ ನಿಲ್ಲಲಿ ಅಂತ ನಾವು ಟೈಪ್ ಮಾಡೋ ಝೀರೋ ವಿಡ್ತ್ ನಾನ್ ಜಾಯ್ನರ್ ಕಣ್ಣಿಗೆ ಕಾಣಲ್ಲ. ಪದದ ಕೊನೆಯಲ್ಲಿ ಅದು ಇದ್ರೂ ಇಲ್ಲದಿದ್ರೂ ಪದ ಒಂದೇ ಥರ ಕಾಣುತ್ತೆ. ಗ್ರೆಪ್‌ಗೆ ಮಾತ್ರ ಅವೆರಡೂ ಬೇರೆ. ಇಂಥವನ್ನ ಹಿಡಿಯೋಕೆ ಹೆಕ್ಸ್‌ಡಂಪ್‌ನಲ್ಲಿ ಬೈಟ್‌ಗಳನ್ನೇ ನೋಡಬೇಕು.

ಈಗ ಬ್ಯಾಕಪ್ ಸ್ಕ್ರಿಪ್ಟ್‌ಗೆ ವಾಪಸ್ ಬರೋಣ. ಮೂರು ದಾರಿ ಮಾಡಿದ್ರೆ ಸಾಕಾ? ಸಾಲದು. ಲಾಗ್ ಫೈಲ್ ಹುಟ್ಟಿ ಖಾಲಿ ಉಳಿದಿದ್ರೆ ಗ್ರೆಪ್ ಪ್ರಾಮಾಣಿಕವಾಗಿ 1 ಕೊಡುತ್ತೆ, ಯಾಕಂದ್ರೆ ಅದರಲ್ಲಿ ‘ಎರರ್’ ನಿಜಕ್ಕೂ ಇಲ್ಲ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಬೇಕು. ಬ್ಯಾಕಪ್ ಕಮಾಂಡ್‌ನ ಸ್ವಂತ ಕೋಡ್ 0 ಇದ್ರೆ ಮಾತ್ರ ಲಾಗ್‌ನ ಕೊನೆಗೆ ‘ಮುಗಿಯಿತು’ ಅಂತ ಒಂದು ಸಾಲು ಬರೆಸಿ. ಆಮೇಲೆ ‘ಎರರ್ ಇಲ್ವಾ’ ಅಂತ ಕೇಳೋ ಬದಲು ‘ಮುಗಿಯಿತು ಅಂತ ಇದೆಯಾ’ ಅಂತ ಕೇಳಿ. ಉತ್ತರ 0 ಬಂದ್ರೆ ಮಾತ್ರ ಹಳೇದನ್ನ ಅಳಿಸಿ. ಆಗ ಫೈಲ್ ಇಲ್ಲದಿದ್ರೂ, ಖಾಲಿ ಇದ್ರೂ, ಪ್ಯಾಟರ್ನ್ ಕೈಕೊಟ್ಟರೂ ಸ್ಕ್ರಿಪ್ಟ್ ಏನೂ ಅಳಿಸದೆ ಸುಮ್ಮನೆ ನಿಲ್ಲುತ್ತೆ. ಪ್ರತಿ ರಾತ್ರಿ ಲಾಗ್ ಹೊಸದಾಗಿ ಶುರುವಾಗಬೇಕು ಅನ್ನೋದನ್ನ ಮರೀಬೇಡಿ, ಇಲ್ಲಾಂದ್ರೆ ನಿನ್ನೆಯ ‘ಮುಗಿಯಿತು’ ಇವತ್ತು ಸಾಕ್ಷಿ ಹೇಳುತ್ತೆ.

ಕೊನೆಗೆ ಐದೇ ನಿಮಿಷದ ಪರೀಕ್ಷೆ. ಪದ ಇರೋ ಫೈಲ್, ಪದ ಇಲ್ಲದ ಫೈಲ್, ಇಲ್ಲವೇ ಇಲ್ಲದ ಫೈಲ್: ಈ ಮೂರನ್ನೂ ಸ್ಕ್ರಿಪ್ಟ್‌ಗೆ ಕೊಟ್ಟು 0, 1, 2 ಬರುತ್ತಾ ನೋಡಿ. ಬರದಿದ್ರೆ ಬ್ಯಾಶ್‌ಗೆ ‘ಮೈನಸ್ ಎಕ್ಸ್’ ಕೊಟ್ಟು ಓಡಿಸಿ, ಯಾವ ಸಾಲು ಹೇಗೆ ಓಡ್ತು ಅಂತ ಅದೇ ತೋರಿಸುತ್ತೆ. ಅಳಿಸೋ ಸಾಲನ್ನ ಸೇರಿಸೋದು ಈ ಪರೀಕ್ಷೆ ಪಾಸಾದ ಮೇಲೆ.