ಕಾಣುವುದೂ ಕಾಣಿಸಿಕೊಳ್ಳುವುದೂ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸರ್ಕಾರವು ಅಲ್ಲಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸ ಆರಂಭಿಸಿದಾಗ ಆ ಹಳೆಯ ಹೆಸರಿಗೆ ಹೊಸದೊಂದು ಅರ್ಥ ಬಂದಿತೆನ್ನಬಹುದು. ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಅದು ಹಗಲಿರುಳೆನ್ನದೆ ಉರಿಯುತ್ತಿರಬೇಕು. ಅದನ್ನು ನೋಡಿಕೊಳ್ಳುವವರೂ ಸರದಿಯ ಮೇಲೆ ಹಗಲಿರುಳೆನ್ನದೆ ದುಡಿಯಬೇಕು. ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಇದಕ್ಕೆ ಜೊತೆಗೂಡಿತು. ಹೀಗಾಗಿ ಇತರ ಊರುಗಳು ಮಲಗುವ ಹೊತ್ತಿನಲ್ಲಿ ಭದ್ರಾವತಿಯ ಬೀದಿಗಳಲ್ಲಿ ಸೈಕಲ್ಲುಗಳು ಹೊರಡುತ್ತಿದ್ದವು. ರಾತ್ರಿಯ ಪಾಳಿಯವರು ಬುತ್ತಿಯ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಕಾರ್ಖಾನೆಯ ಕಡೆಗೆ, ದುಡಿದು ದಣಿದವರು ಮನೆಯ ಕಡೆಗೆ, ಕತ್ತಲೆಯಲ್ಲಿ ಎದುರುಬದುರಾಗಿ ಸಾಗುತ್ತಿದ್ದರು.

ಆ ಸೈಕಲ್ಲುಗಳಿಗೆ ದೀಪವಿರುತ್ತಿತ್ತು. ಮೊದಲು ಸೀಮೆಎಣ್ಣೆಯ ದೀಪ. ಆಮೇಲೆ ಟೈರಿನ ಪಕ್ಕಕ್ಕೆ ಒತ್ತಿಕೊಂಡು ಗಿರಗಿರನೆ ತಿರುಗಿ ವಿದ್ಯುತ್ತನ್ನು ಉತ್ಪಾದಿಸುವ ಡೈನಮೋ. ದೀಪವಿಲ್ಲದೆ ಹೋದರೆ ಪೋಲೀಸಿನವರು ತಡೆದು ನಿಲ್ಲಿಸುತ್ತಿದ್ದರು. ಚಕ್ರದ ಗಾಳಿ ಬಿಡುವುದು ಅಂದಿನ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಶಿಕ್ಷೆ. ದೂರದಲ್ಲಿ ಪೇದೆಯ ಟೋಪಿ ಕಂಡೊಡನೆ ಕೆಳಗಿಳಿದು, ಸಭ್ಯನಂತೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ತಿರುವು ದಾಟಿದ ಮೇಲೆ ಮತ್ತೆ ಹತ್ತುವ ಜಾಣರೂ ಇದ್ದರು. ದೀಪವೆಂಬುದು ಪೋಲೀಸಿನವರಿಗಾಗಿ ಇಡಬೇಕಾದ ವಸ್ತು ಎಂದು ಅವರು ತಿಳಿದಿದ್ದರೆಂದು ತೋರುತ್ತದೆ. ಈ ತಪ್ಪು ತಿಳಿವಳಿಕೆ ಅವರೊಂದಿಗೇ ಮುಗಿದುಹೋಗಲಿಲ್ಲ.

ಕಾಗದದ ಕಾರ್ಖಾನೆ ೨೦೧೫ರ ಹೊತ್ತಿಗೆ ಉತ್ಪಾದನೆಯನ್ನು ನಿಲ್ಲಿಸಿತು. ದುಡಿಯುವವರಲ್ಲಿ ಬಹುಮಂದಿ ಮೋಟಾರ್ ಸೈಕಲ್ಲಿಗೆ ಬದಲಾದರು. ಆದರೆ ಸೈಕಲ್ಲು ರಸ್ತೆಯಿಂದ ಮರೆಯಾಗಲಿಲ್ಲ. ಅದು ವಿದ್ಯಾರ್ಥಿಗಳ ಕೈಸೇರಿತು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಳ್ಳಿಯಿಂದ ಪ್ರೌಢಶಾಲೆಗೆ ನಡೆದು ಬರುತ್ತಿದ್ದ ಎಷ್ಟೋ ಬಾಲಕ ಬಾಲಕಿಯರು ಸವಾರರಾದರು. ಶಾಲೆ ಬಿಟ್ಟು, ಆಟವಾಡಿ ಅಥವಾ ಮನೆಪಾಠ ಮುಗಿಸಿ ಹೊರಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ೨೦ ಕಿಲೋಮೀಟರು. ತುಂಗೆಯ ಸೇತುವೆಯನ್ನು ದಾಟಿ ವಿದ್ಯಾನಗರ, ಮಲವಗೊಪ್ಪ, ಮಾಚೇನಹಳ್ಳಿಗಳ ಮೇಲೆ ಸಾಗುವ ಬಿ.ಎಚ್. ರಸ್ತೆಯಲ್ಲಿ, ಎಂದರೆ ಬೆಂಗಳೂರು ಹೊನ್ನಾವರ ರಸ್ತೆಯಲ್ಲಿ, ಲಾರಿ ಬಸ್ಸುಗಳ ನಡುವೆ ಈ ಮಕ್ಕಳೂ ಮನೆ ಸೇರಬೇಕು.

"ದಾರಿ ಚೆನ್ನಾಗಿ ಕಾಣುತ್ತದೆ, ದೀಪವೇಕೆ?" ಎಂಬುದು ಇಂತಹ ಸವಾರನ ಮಾತು. ಅವನು ಹೇಳುವುದು ಸುಳ್ಳಲ್ಲ. ದಿನವೂ ಓಡಾಡುವ ದಾರಿ ನಕ್ಷತ್ರಗಳ ಬೆಳಕಿನಲ್ಲಿಯೂ ತಕ್ಕಮಟ್ಟಿಗೆ ತಿಳಿಯುತ್ತದೆ. ಎದುರಿಗೆ ಬರುವ ಲಾರಿಯ ದೀಪಗಳಂತೂ ಅರ್ಧ ಮೈಲಿಯಿಂದಲೇ ಕಾಣುತ್ತವೆ. ಲಾರಿ ತನಗೆ ಇಷ್ಟು ಸ್ಪಷ್ಟವಾಗಿ ಕಾಣುವಾಗ ತಾನೂ ಲಾರಿಯವನಿಗೆ ಕಾಣುತ್ತಿರಬೇಕೆಂದು ಅವನು ಊಹಿಸುತ್ತಾನೆ. ಅಪಾಯವಿರುವುದು ಈ ಊಹೆಯಲ್ಲಿ.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ ಬಣ್ಣಗಳನ್ನೂ ಸೂಕ್ಷ್ಮವಾದ ಆಕಾರಗಳನ್ನೂ ಗ್ರಹಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಆದರೆ ಅವುಗಳಿಗೆ ಬಣ್ಣ ತಿಳಿಯದು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ನಮ್ಮ ಸೀಮೆಯಲ್ಲಾದರೋ ಸೂರ್ಯ ಮುಳುಗಿದ ೨೦-೨೫ ನಿಮಿಷಗಳಲ್ಲಿ ಸಂಜೆಬೆಳಕು ಬಹುಮಟ್ಟಿಗೆ ಮುಗಿದುಹೋಗುತ್ತದೆ. ಊರಿನ ಬೀದಿದೀಪಗಳ ಸಾಲನ್ನು ಆಗತಾನೆ ದಾಟಿದ ಚಾಲಕನ ಕಣ್ಣು ಮುಂದಿನ ಕತ್ತಲೆಗೆ ಇನ್ನೂ ಸಿದ್ಧವಾಗಿರುವುದಿಲ್ಲ. ಎದುರುವಾಹನದ ಪ್ರಖರವಾದ ದೀಪ ಕಣ್ಣಿಗೆ ಹೊಡೆದರೆ ಕೆಲವು ಕ್ಷಣ ಅವನಿಗೆ ಏನೂ ಕಾಣದು. ಆ ಕೆಲವು ಕ್ಷಣಗಳಲ್ಲಿ ರಸ್ತೆಯ ಎಡಭಾಗದಲ್ಲಿ ದೀಪವಿಲ್ಲದ ಸೈಕಲ್ಲೊಂದು ಹೋಗುತ್ತಿದ್ದರೆ ಅದು ಇಲ್ಲದಂತೆಯೇ ಸರಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ ೧೬ ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅರಿತು, ಕಾಲು ಬ್ರೇಕನ್ನು ಒತ್ತಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ವಾಹನ ೨೫ ಮೀಟರು ಮುಂದೆ ಬಂದಿರುತ್ತದೆ. ಬ್ರೇಕು ಹಿಡಿದ ಮೇಲೂ ಒಣಗಿದ ರಸ್ತೆಯಲ್ಲಿ ಅದು ನಿಲ್ಲಲು ಇನ್ನೂ ೨೦ ಮೀಟರಿಗೆ ಕಡಮೆಯಿಲ್ಲದ ದೂರ ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆ ತೊಟ್ಟವನು ಚಾಲಕನಿಗೆ ಕಾಣಿಸುವುದು ಸಾಮಾನ್ಯವಾಗಿ ಸುಮಾರು ೩೦ ಮೀಟರು ಹತ್ತಿರ ಬಂದಾಗ. ಬೇಕಾದದ್ದು ೪೫, ಇರುವುದು ೩೦. ಎಂತಹ ನಿಪುಣನಾದ ಚಾಲಕನೂ ಈ ೧೫ ಮೀಟರುಗಳನ್ನು ಎಲ್ಲಿಂದಲೂ ತರಲಾರನು.

ಬಿಳಿಯ ಬಟ್ಟೆ ಇದಕ್ಕಿಂತ ಹೆಚ್ಚು ದೂರದಿಂದ ಕಾಣುತ್ತದೆ. ಕೆಂಪು ಎದ್ದುಕಾಣುವ ಬಣ್ಣವಲ್ಲವೆ ಎಂದು ಯಾರಾದರೂ ಕೇಳಬಹುದು. ಹಗಲಿನಲ್ಲಿ ನಿಜ. ಆದರೆ ದಂಡಕೋಶಗಳು ಕೆಂಪು ಬೆಳಕಿಗೆ ಬಹುಮಟ್ಟಿಗೆ ಕುರುಡು. ಬೊಹೀಮಿಯದ ವಿಜ್ಞಾನಿ ಪುರ್ಕಿನ್ಯೆ ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗಮನಿಸಿದನು: ಹಗಲಿನಲ್ಲಿ ಉಜ್ವಲವಾಗಿದ್ದ ಕೆಂಪು ಹೂವು ಮುಸ್ಸಂಜೆಯಲ್ಲಿ ಕಪ್ಪಾಗುತ್ತದೆ, ಅದರ ಪಕ್ಕದ ಹಸಿರೆಲೆ ಅದಕ್ಕಿಂತ ಬೆಳ್ಳಗೆ ತೋರುತ್ತದೆ. ಮನೆಯಂಗಳದ ದಾಸವಾಳದ ಗಿಡದ ಮುಂದೆ ಒಂದು ಸಂಜೆ ನಿಂತರೆ ಇದನ್ನು ಯಾರಾದರೂ ಕಾಣಬಹುದು. ಇನ್ನು ಮಲೆನಾಡಿನ ಕಂಬಳಿಕೊಪ್ಪೆಯ ವಿಷಯ. ಜಡಿಮಳೆಯನ್ನು ತಡೆಯುವುದರಲ್ಲಿ ಅದಕ್ಕೆ ಸಮನಾದುದಿಲ್ಲ. ಇರುಳಿನಲ್ಲಿ ತೊಟ್ಟವನನ್ನು ಅಡಗಿಸುವುದರಲ್ಲಿಯೂ ಅದಕ್ಕೆ ಸಮನಾದುದಿಲ್ಲ. ಈಗಿನ ಕಪ್ಪು ಮಳೆಯಂಗಿಯೂ ಅದರ ತಮ್ಮನೇ.

ಆದುದರಿಂದ ಬಟ್ಟೆಯನ್ನಷ್ಟೇ ನಂಬಿದರೆ ಸಾಲದು. ಸೈಕಲ್ ಅಂಗಡಿಯವರು ರಿಫ್ಲೆಕ್ಟರ್ ಎನ್ನುವ, ಹಿಂದಿನ ಮಡ್‌ಗಾರ್ಡಿನ ಮೇಲಿರುವ ಕೆಂಪು ಬಿಲ್ಲೆಯನ್ನು ಬಹುಮಂದಿ ಅಲಂಕಾರವೆಂದು ಭಾವಿಸುತ್ತಾರೆ. ಅದು ಅದ್ಭುತವಾದ ಉಪಕರಣ. ಅದನ್ನು ಹತ್ತಿರದಿಂದ ನೋಡಿದರೆ ಒಳಗೆ ನೂರಾರು ಸಣ್ಣ ಮೂಲೆಗಳು ಕಾಣುತ್ತವೆ. ಕೋಣೆಯ ಎರಡು ಗೋಡೆಗಳೂ ನೆಲವೂ ಕೂಡುವ ಮೂಲೆಯಂತೆ ಒಂದೊಂದರಲ್ಲಿಯೂ ಮೂರು ಮುಖಗಳು ಪರಸ್ಪರ ಲಂಬವಾಗಿ ಸೇರಿರುತ್ತವೆ. ಇಂತಹ ಮೂಲೆಯೊಳಗೆ ಬಂದ ಕಿರಣವು ಮೂರು ಮುಖಗಳಿಗೂ ತಾಗಿ, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಸಾಧಾರಣವಾದ ಕನ್ನಡಿ ಬೆಳಕನ್ನು ಬೇರೆಲ್ಲಿಗೋ ಎಸೆಯಬಹುದು. ಇದು ಮಾತ್ರ ಬೆಳಕನ್ನು ಕಳುಹಿಸಿದವನಿಗೇ ಒಪ್ಪಿಸುತ್ತದೆ. ೧೯೬೯ರಲ್ಲಿ ಚಂದ್ರನ ಮೇಲಿಳಿದ ಅಪೋಲೋ ೧೧ರ ಯಾತ್ರಿಕರು ಇದೇ ತತ್ತ್ವದ ೧೦೦ ಪ್ರತಿಫಲಕಗಳ ಫಲಕವೊಂದನ್ನು ಅಲ್ಲಿ ಇರಿಸಿ ಬಂದರು. ಭೂಮಿಯಿಂದ ಕಳುಹಿಸಿದ ಲೇಸರ್ ಕಿರಣ ಸುಮಾರು ಎರಡೂವರೆ ಸೆಕೆಂಡುಗಳಲ್ಲಿ ಅಲ್ಲಿಂದ ಹಿಂದಿರುಗಿ, ಚಂದ್ರನ ದೂರವನ್ನು ಕರಾರುವಾಕ್ಕಾಗಿ ತಿಳಿಸುತ್ತದೆ. ಸೈಕಲ್ ಪ್ರತಿಫಲಕಗಳು ಭಾರತೀಯ ಮಾನಕಕ್ಕೆ ಅನುಗುಣವಾಗಿರಬೇಕೆಂದು ಕೇಂದ್ರ ಸರ್ಕಾರವು ೨೦೨೦ರಲ್ಲಿ ಆದೇಶ ಹೊರಡಿಸಿದುದು ಇದರ ಮಹತ್ತ್ವವನ್ನರಿತೇ.

ಚಂದ್ರನಿಂದ ಬೆಳಕನ್ನು ಮರಳಿಸಬಲ್ಲ ಈ ಸಾಧನವನ್ನು ಒಂದು ಹಿಡಿ ಕೆಸರು ನಿಷ್ಪ್ರಯೋಜಕವಾಗಿಸುತ್ತದೆ. ಕ್ಯಾರಿಯರಿನಿಂದ ಜೋತುಬಿದ್ದ ಪುಸ್ತಕದ ಚೀಲವೂ ಹುಲ್ಲಿನ ಹೊರೆಯೂ ಅದನ್ನು ಮುಚ್ಚಿಬಿಡುತ್ತವೆ. ಅಲ್ಲದೆ, ಅದಕ್ಕೆ ಸ್ವಂತ ಬೆಳಕಿಲ್ಲ. ಅಡ್ಡರಸ್ತೆಯಿಂದ ನುಗ್ಗುವ ವಾಹನದ ದೀಪ ಅದರ ಮೇಲೆ ಬೀಳುವುದಿಲ್ಲ. ಕಾಲುನಡಿಗೆಯವನಿಗೆ ದೀಪವೇ ಇರುವುದಿಲ್ಲ. ಆದಕಾರಣ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಡೈನಮೋ ದೀಪದಲ್ಲಿ ಒಂದು ಕೊರತೆಯಿತ್ತು. ಸೈಕಲ್ಲು ನಿಂತರೆ ದೀಪವೂ ಆರುತ್ತಿತ್ತು. ಬಲಕ್ಕೆ ತಿರುಗಲು ರಸ್ತೆಯ ನಡುವೆ ಕಾದುನಿಂತ ಸವಾರನು ಬೆಳಕು ಬಹಳ ಬೇಕಾದ ಗಳಿಗೆಯಲ್ಲಿಯೇ ಕತ್ತಲಾಗುತ್ತಿದ್ದನು. ಬ್ಯಾಟರಿಯ ಎಲ್ಇಡಿ ದೀಪಗಳು ಈ ಕೊರತೆಯನ್ನು ನೀಗಿವೆ. ಅವುಗಳಲ್ಲಿ ಮಿನುಗುವ ದೀಪ ಬೇಗನೆ ಗಮನ ಸೆಳೆಯುತ್ತದೆಯಾದರೂ ಅದರ ದೂರವನ್ನು ಅಂದಾಜು ಮಾಡುವುದು ಕಷ್ಟ. ಎಡೆಬಿಡದೆ ಉರಿಯುವ ದೀಪವೊಂದು ಜೊತೆಗಿರುವುದು ಮೇಲು. ಮುಂದಿನ ದೀಪವನ್ನು ನೆಲದ ಕಡೆಗೆ ಬಾಗಿಸಬೇಕು. ಎದುರಿನವನ ಕಣ್ಣು ಕುಕ್ಕಿದರೆ ಅವನು ಸೈಕಲ್ಲಿನ ಮೇಲೆಯೇ ಬಂದಾನು.

ಮಿನುಗುವುದಕ್ಕಿಂತಲೂ ಹೆಚ್ಚು ತಿಳಿವು ಕೊಡುವುದು ಚಲನೆ. ೧೯೭೩ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಒಂದು ಪ್ರಯೋಗವನ್ನು ಪ್ರಕಟಿಸಿದನು. ಮನುಷ್ಯನೊಬ್ಬನ ಕೀಲುಗಳಿಗೆ ಬೆಳಕಿನ ಚುಕ್ಕೆಗಳನ್ನು ಕಟ್ಟಿ ಕತ್ತಲೆಯಲ್ಲಿ ಚಿತ್ರ ತೆಗೆದಾಗ, ನಿಂತಿದ್ದಾಗ ಅವು ಬರಿಯ ಚುಕ್ಕೆಗಳು. ಹೆಜ್ಜೆಯಿಟ್ಟೊಡನೆ ನೋಡುವವರೆಲ್ಲರೂ ಮನುಷ್ಯನೆಂದು ಗುರುತಿಸಿದರು. ಹಿಂದಿನ ಕಾಲದ ಎತ್ತಿನ ಗಾಡಿಯ ಕೆಳಗೆ ತೂಗಾಡುತ್ತಿದ್ದ ಲಾಟೀನು ಕೂಡ ತನ್ನ ಓಲಾಟದಿಂದಲೇ 'ಇದು ಗಾಡಿ' ಎಂದು ಹೇಳುತ್ತಿತ್ತು. ಪೆಡಲಿನ ಅಂಚಿನಲ್ಲಿಯೋ ಕಣಕಾಲಿನ ಸುತ್ತಲೋ ಇರುವ ಪ್ರತಿಫಲಕ ಪಟ್ಟಿ, ಮೇಲೆ ಕೆಳಗೆ ಆಡುತ್ತ, ಮುಂದೆ ಹೋಗುತ್ತಿರುವುದು ಸೈಕಲ್ಲೆಂದು ದೂರದಿಂದಲೇ ಸಾರುತ್ತದೆ. ಬೆನ್ನಿನ ಚೀಲಕ್ಕೂ ಒಂದು ಪಟ್ಟಿ ಅಂಟಿಸಬಹುದು. ಹಿಂದಿನಿಂದ ಬರುವವನಿಗೆ ಮೊದಲು ಕಾಣುವುದು ಆ ಚೀಲವೇ.

ರಸ್ತೆಯ ಎಡಬದಿಯಲ್ಲಿ, ವಾಹನಗಳು ಸಾಗುವ ದಿಕ್ಕಿನಲ್ಲಿಯೇ ಹೋಗಬೇಕೆಂಬ ನಿಯಮಕ್ಕೂ ಲೆಕ್ಕದ ಆಧಾರವಿದೆ. ಸೈಕಲ್ಲಿನ ವೇಗ ೧೫, ಹಿಂದಿನ ವಾಹನದ್ದು ೬೦ ಆದರೆ ಅದು ಸೈಕಲ್ಲನ್ನು ಸಮೀಪಿಸುವುದು ಗಂಟೆಗೆ ೪೫ ಕಿಲೋಮೀಟರಿನಂತೆ. ಎದುರಾಗಿ ಹೋದರೆ ೭೫ರಂತೆ. ಮುಂಗಾರಿನ ತಿಂಗಳುಗಳಲ್ಲಿ ನೆನೆದ ರಸ್ತೆ ಕನ್ನಡಿಯಂತಾಗಿ ದೀಪದ ಬೆಳಕನ್ನು ಮುಂದಕ್ಕೆ ಜಾರಿಸುತ್ತದೆ. ಗಾಜಿನ ಮೇಲಿನ ಹನಿಗಳು ಚಾಲಕನ ನೋಟವನ್ನು ಕಲಕುತ್ತವೆ. ಗುಂಡಿ ಯಾವುದು, ನೀರು ಯಾವುದು ತಿಳಿಯದು. ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವವನಿಗೆ ಬ್ರೇಕು ಹಿಡಿಯಲು ಅರ್ಧ ಶಕ್ತಿ ಮಾತ್ರ ಉಳಿದಿರುತ್ತದೆ. ಎರಡು ವಾಹನಗಳು ಎದುರುಬದುರಾಗಿ ತನ್ನ ಸಮೀಪದಲ್ಲಿಯೇ ಹಾಯಲಿವೆ ಎಂದು ಕಂಡಾಗ ವೇಗ ತಗ್ಗಿಸಿ ಅಂಚಿಗೆ ಸರಿದು ನಿಲ್ಲುವುದರಲ್ಲಿ ನಷ್ಟವಾಗುವುದು ಒಂದೆರಡು ನಿಮಿಷ.

ಇವೆಲ್ಲವನ್ನೂ ಶಾಲೆಯ ಮೈದಾನದಲ್ಲಿ ಒಂದು ಸಂಜೆ ಪರೀಕ್ಷಿಸಿ ನೋಡಬಹುದು. ಕತ್ತಲಾದ ಮೇಲೆ ಅಧ್ಯಾಪಕರ ಸಮಕ್ಷಮದಲ್ಲಿ ಒಬ್ಬನು ಕಡುಬಣ್ಣದ ಅಂಗಿ ತೊಟ್ಟು ಸೈಕಲ್ಲಿನೊಡನೆ ೬೦ ಹೆಜ್ಜೆ ದೂರದಲ್ಲಿ ನಿಲ್ಲಲಿ. ಇನ್ನೊಬ್ಬನು ಕೈಬ್ಯಾಟರಿಯನ್ನು ತನ್ನ ಕಣ್ಣಿನ ಪಕ್ಕದಲ್ಲಿಯೇ ಹಿಡಿದು ಆ ಕಡೆಗೆ ಬೆಳಕು ಬಿಡಲಿ. ಪ್ರತಿಫಲಕದ ಬೆಳಕು ಬಂದಲ್ಲಿಗೇ ಮರಳುವುದರಿಂದ ಬ್ಯಾಟರಿಯನ್ನು ಸೊಂಟದ ಬಳಿ ಹಿಡಿದರೆ ಅಷ್ಟು ಚೆನ್ನಾಗಿ ಕಾಣದು. ಮೊದಲು ಬಿಲ್ಲೆಯನ್ನು ಬಟ್ಟೆಯಿಂದ ಮುಚ್ಚಿ, ಆಮೇಲೆ ತೆರೆದು, ಕೊನೆಗೆ ಕಣಕಾಲಿಗೆ ಪಟ್ಟಿ ಕಟ್ಟಿ ಸವಾರಿ ಮಾಡಿಸಿ ನೋಡಬೇಕು. ಬಳಿಕ ಇಬ್ಬರೂ ಸ್ಥಾನ ಬದಲಿಸಿಕೊಳ್ಳಬೇಕು. ಅಷ್ಟು ಹೊತ್ತೂ ತಾನು ಎಲ್ಲರಿಗೂ ಕಾಣುತ್ತಲೇ ಇದ್ದೆನೆಂದು ನಂಬಿದ್ದ ಮೊದಲನೆಯವನು, ಈಗ ಬ್ಯಾಟರಿ ಹಿಡಿದು, ತನ್ನ ಗೆಳೆಯನು ಎಲ್ಲಿ ನಿಂತಿದ್ದಾನೆಂದು ಹುಡುಕತೊಡಗುತ್ತಾನೆ.